ಆರುನೂರು ಮೋಡೆಮ್, ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್: ಮಲೆನಾಡಲ್ಲಿ ಫರ್ಮ್‌ವೇರ್ ಸರ್ವರ್ ಕಟ್ಟಿದ ಕಥೆ

ತೀರ್ಥಹಳ್ಳಿ-ಕೊಪ್ಪ ಕಡೆಯ ಒಂದು ಕೇಬಲ್ ಆಫೀಸಿನಲ್ಲಿ ಇಂಟರ್ನೆಟ್ ಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಬರೀ ಟಿವಿ ಇತ್ತು, ಈಗ ಮನೆಮನೆಗೆ ಫೈಬರ್. ಸುಮಾರು ಆರುನೂರು ಮನೆ. ಮನೆಯೊಳಗೆ ಕೂರಿಸುವ ಓಎನ್‌ಟಿಯನ್ನು ಇಲ್ಲಿ ಎಲ್ಲರೂ ಮೋಡೆಮ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಮ್ಮಲ್ಲಿ ಜಾಸ್ತಿ ಇರುವ ಒಂದು ಮಾಡೆಲ್‌ಗೆ ಒಂದು ಕೆಟ್ಟ ಚಾಳಿ ಇತ್ತು. ಕೆಲವು ದಿನ ಸತತವಾಗಿ ಆನ್ ಇದ್ದರೆ ವೈಫೈ ಸುಮ್ನೆ ಸತ್ತುಹೋಗುತ್ತಿತ್ತು. ಲೈಟ್ ಎಲ್ಲ ಹಸಿರು, ಫೋನಲ್ಲಿ ಹೆಸರೂ ಕಾಣುತ್ತೆ, ಆದರೆ ಕನೆಕ್ಟ್ ಆಗಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಸರಬರಾಜು ಮಾಡುವವರು ಹೊಸ ಫರ್ಮ್‌ವೇರ್, ಅಂದರೆ ಮೋಡೆಮ್ ಒಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಕೊಟ್ಟರು. ಆಫೀಸಿನ ಟೇಬಲ್ ಮೇಲೆ ಹಾಕಿ ನೋಡಿದಾಗ ರೋಗ ವಾಸಿ. ಆದರೆ ಅದನ್ನು ಪ್ರತಿ ಮನೆಯ ಮೋಡೆಮ್‌ಗೂ ಹಾಕುವುದು ಹೇಗೆ? ಇಲ್ಲಿ ಒಂದು ಮನೆ ಗುಡ್ಡದ ಈ ಕಡೆ, ಇನ್ನೊಂದು ಆ ಕಡೆ. ಲ್ಯಾಪ್‌ಟಾಪ್ ಹಿಡಿದು ಹೊರಟರೆ ದಿನಕ್ಕೆ ಹತ್ತು ಮನೆ ಮುಗಿಯುವುದೇ ಕಷ್ಟ. ಅದಕ್ಕೇ ಒಂದು ಸರ್ವರ್ ಕಟ್ಟೋಣ ಅಂತ ತೀರ್ಮಾನ ಆಯ್ತು.

ದಾರಿ ಎರಡಿದ್ದವು. ಒಂದು, ಓಎಲ್‌ಟಿಯಿಂದಲೇ, ಅಂದರೆ ಮನೆಗಳ ಫೈಬರ್ ಎಲ್ಲ ಬಂದು ಸೇರುವ ನಮ್ಮ ಕಡೆಯ ಪೆಟ್ಟಿಗೆಯಿಂದಲೇ ಕಳಿಸುವುದು. ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಜಿಪಾನ್ ಪದ್ಧತಿಯಲ್ಲಿ ಓಎಲ್‌ಟಿ ಮತ್ತು ಮೋಡೆಮ್ ಮಾತಾಡಿಕೊಳ್ಳಲು ಓಎಂಸಿಐ ಎಂಬ ಒಳದಾರಿ ಇದೆ, ಅದರಲ್ಲಿ ಫರ್ಮ್‌ವೇರ್ ಕಳಿಸುವ ವ್ಯವಸ್ಥೆಯೂ ಇದೆ. ಓಎಲ್‌ಟಿ ಮತ್ತು ಮೋಡೆಮ್ ಒಂದೇ ಕಂಪನಿಯದಾದರೆ ಚೆನ್ನಾಗಿ ನಡೆಯುತ್ತೆ. ನಮ್ಮದು ಮೂರು ಬ್ರ್ಯಾಂಡ್‌ಗಳ ಸಂತೆ. ಇನ್ನೊಂದು ದಾರಿ ಟಿಆರ್-069. 2004ರಲ್ಲಿ ಬಂದ ಹಳೇ ಪದ್ಧತಿ, ಆಗ ಅದನ್ನು ತಂದ ಡಿಎಸ್‌ಎಲ್ ಫೋರಂ ಈಗ ಬ್ರಾಡ್‌ಬ್ಯಾಂಡ್ ಫೋರಂ ಆಗಿದೆ. ಅದರಲ್ಲಿ ಮೋಡೆಮ್ ತಾನಾಗಿಯೇ ಆಗಾಗ ಸರ್ವರ್‌ಗೆ ಬಂದು "ನಾನು ಇಂಥ ಕಂಪನಿ, ಇಂಥ ಮಾಡೆಲ್, ನನ್ನ ವರ್ಷನ್ ಇದು, ಏನಾದರೂ ಕೆಲಸ ಇದೆಯಾ?" ಅಂತ ಕೇಳುತ್ತೆ. ಈ ಹಾಜರಿಗೆ ಇನ್‌ಫಾರ್ಮ್ ಅಂತ ಹೆಸರು. ಅಗ್ಗದ ಮೋಡೆಮ್‌ಗಳಲ್ಲೂ ಇದು ಇರುತ್ತೆ. ಹಾಗಾಗಿ ಇದನ್ನೇ ಹಿಡಿದೆವು. ಸರ್ವರ್ ಕಡೆಗೆ ಜೀನಿಎಸಿಎಸ್ ಎಂಬ ಸಾಫ್ಟ್‌ವೇರ್. ಓಪನ್ ಸೋರ್ಸ್, ದುಡ್ಡಿಲ್ಲ, ನೋಡ್‌ಜೆಎಸ್ ಮೇಲೆ ಓಡುತ್ತೆ, ಲೆಕ್ಕ ಇಡುವುದು ಮಾಂಗೋಡಿಬಿಯಲ್ಲಿ.

ಕಂಪ್ಯೂಟರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಲ್ಲಿಂಗ್‌ಗೆ ಇಟ್ಟಿದ್ದ ಹಳೇ ಪೆಂಟಿಯಂ ಒಂದು ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಮಾಂಗೋಡಿಬಿ ಏಳಲೇ ಇಲ್ಲ. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಹೇಳಿ ಬಿದ್ದುಹೋಗುತ್ತಿತ್ತು. ಮಾಂಗೋಡಿಬಿ 5.0ರಿಂದ ಮುಂದಕ್ಕೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್ ಎಂಬ ಆದೇಶಗಳ ಗುಂಪು ಇರಲೇಬೇಕು, ಹಳೇ ಪೆಂಟಿಯಂ-ಸೆಲೆರಾನ್‌ಗಳಲ್ಲಿ ಅದು ಇರುವುದಿಲ್ಲ. 4.4 ಹಾಕಿದರೆ ಓಡುತ್ತೆ, ಆದರೆ ಅದಕ್ಕೆ ಈಗ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಶಿವಮೊಗ್ಗದಿಂದ ಒಂದು ಸೆಕೆಂಡ್‌ಹ್ಯಾಂಡ್ ಐ5 ಚಿಕ್ಕ ಪೆಟ್ಟಿಗೆ ತಂದೆವು. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ, ಆಫೀಸಿನ ಇನ್ವರ್ಟರ್ ಲೈನಿಗೆ ಕನೆಕ್ಷನ್. ಆರುನೂರು ಮೋಡೆಮ್‌ಗೆ ಇದು ಧಾರಾಳ.

ಜೀನಿಎಸಿಎಸ್‌ನಲ್ಲಿ ನಾಲ್ಕು ಭಾಗ ಬೇರೆ ಬೇರೆಯಾಗಿ ಓಡುತ್ತವೆ. ಮೋಡೆಮ್‌ಗಳು ಬಂದು ಮಾತಾಡುವುದು 7547ನೇ ಪೋರ್ಟ್‌ನಲ್ಲಿ, ಅಂದರೆ ಸರ್ವರ್‌ನ ಆ ನಂಬರಿನ ಬಾಗಿಲಲ್ಲಿ. ಬೇರೆ ಪ್ರೋಗ್ರಾಂಗಳು ಮಾತಾಡಲು 7557. ಫರ್ಮ್‌ವೇರ್ ಫೈಲ್ ಇಳಿಸಿಕೊಳ್ಳಲು 7567. ನಾವು ಬ್ರೌಸರ್‌ನಲ್ಲಿ ನೋಡುವ ಪುಟ 3000ದಲ್ಲಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 7557ಕ್ಕೆ ಪಾಸ್‌ವರ್ಡ್ ಇಲ್ಲ. ಅದನ್ನು ಮುಟ್ಟಲು ಸಿಕ್ಕಿದವನು ಎಲ್ಲ ಮೋಡೆಮ್‌ಗೂ ಏನು ಬೇಕಾದರೂ ಕಳಿಸಬಹುದು. ಅದನ್ನು ಸರ್ವರ್ ಒಳಗೇ, ಅಂದರೆ ಲೋಕಲ್‌ಹೋಸ್ಟ್‌ಗೆ ಕಟ್ಟಿಹಾಕಿ. 3000ವನ್ನು ಆಫೀಸಿನ ಜಾಲದಿಂದ ಮಾತ್ರ ತೆರೆಯುವಂತೆ ಮಾಡಿ. 7567ಕ್ಕೂ ಪಾಸ್‌ವರ್ಡ್ ಇರುವುದಿಲ್ಲ, ಮೋಡೆಮ್‌ಗಳಿಗೆ ಮಾತ್ರ ಕಾಣಬೇಕು.

ಸರ್ವರ್ ಕರೆದಾಗ ಕೇಳಿಸಿಕೊಳ್ಳಲು ಮೋಡೆಮ್ ಕಡೆಯೂ ಸಾಮಾನ್ಯವಾಗಿ ಇದೇ 7547 ತೆರೆದಿರುತ್ತೆ, ಅದು ಇನ್ನೂ ಸೂಕ್ಷ್ಮ. 2016ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂ ಗ್ರಾಹಕರ ಸುಮಾರು ಒಂಬತ್ತು ಲಕ್ಷ ರೌಟರ್‌ಗಳು ಒಟ್ಟಿಗೆ ತೊಂದರೆಗೆ ಸಿಕ್ಕಿದ್ದವು. ಮಿರಾಯ್ ಎಂಬ ಬಾಟ್‌ನೆಟ್‌ನ (ಕಳ್ಳತನದಲ್ಲಿ ವಶ ಮಾಡಿಕೊಂಡ ಸಾಧನಗಳ ಪಡೆ) ಒಂದು ತಳಿ ಇಂಟರ್ನೆಟ್ ಪೂರ್ತಿ 7547ನ್ನು ತಟ್ಟುತ್ತಾ ಹೊರಟಿತ್ತು. ಅದಕ್ಕೂ ಎರಡು ವರ್ಷ ಮೊದಲು, 2014ರಲ್ಲಿ, ಮಿಸ್‌ಫಾರ್ಚೂನ್ ಕುಕಿ ಎಂಬ ದೋಷವೂ ಇದೇ ಬಾಗಿಲಲ್ಲಿ ಸಿಕ್ಕಿತ್ತು. ಹಾಗಾಗಿ ನಾವು ಇಂಟರ್ನೆಟ್‌ಗೊಂದು, ಮ್ಯಾನೇಜ್‌ಮೆಂಟ್‌ಗೊಂದು ವಿಲ್ಯಾನ್, ಅಂದರೆ ಒಂದೇ ಫೈಬರ್‌ನಲ್ಲಿ ಬೇರೆ ಬೇರೆ ಜಾಲ, ಮಾಡಿದೆವು. ಮ್ಯಾನೇಜ್‌ಮೆಂಟ್ ವಿಲ್ಯಾನ್‌ನಲ್ಲಿ ಖಾಸಗಿ ಐಪಿ, ಅಲ್ಲಿಂದ ಹೊರಗಿನ ಲೋಕಕ್ಕೆ ದಾರಿ ಇಲ್ಲ, ಒಂದು ಮೋಡೆಮ್‌ನಿಂದ ಇನ್ನೊಂದಕ್ಕೂ ದಾರಿ ಇಲ್ಲ. ಸರ್ವರ್‌ನ ವಿಳಾಸವನ್ನು, ಮೋಡೆಮ್‌ಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯ 43ನೇ ಆಪ್ಷನ್‌ನಲ್ಲಿ ಕೊಟ್ಟೆವು. ಇದರಿಂದ ಇನ್ನೊಂದು ಲಾಭವೂ ಆಯ್ತು. ಇಂಟರ್ನೆಟ್ ಕಡೆಯಿಂದ ಮೋಡೆಮ್‌ಗಳು ಸಿಜಿನ್ಯಾಟ್ (ಹಲವು ಮನೆಗೆ ಸೇರಿ ಒಂದೇ ಹೊರಗಿನ ಐಪಿ) ಹಿಂದೆ ಇರುತ್ತವೆ, ಸರ್ವರ್ ಕರೆದರೆ ಕೇಳಿಸುವುದಿಲ್ಲ. ಮ್ಯಾನೇಜ್‌ಮೆಂಟ್ ವಿಲ್ಯಾನ್‌ನಲ್ಲಿ ನೇರ ದಾರಿ ಇರುವುದರಿಂದ ಕರೆದ ಕೂಡಲೇ ಬರುತ್ತವೆ.

ಹಳೇ ಮೋಡೆಮ್‌ಗಳಲ್ಲಿ ಒಂದಷ್ಟು 43ನೇ ಆಪ್ಷನ್ನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವುಗಳಿಗೆ ವಿಳಾಸ ಕೈಯಲ್ಲೇ ಹಾಕಬೇಕು. ಬೇರೆ ಕಾರಣಕ್ಕೆ ಆ ಮನೆಗೆ ಹೋದಾಗ ಹಾಕಿ ಬರುವುದು ಅಂತ ಹುಡುಗರಿಗೆ ಹೇಳಿದ್ದೇವೆ.

ಹಾಜರಿ ಶುರುವಾದ ಮೇಲೆ ಮೊದಲ ಪಾಠ ಸಿಕ್ಕಿತು. ಪೆಟ್ಟಿಗೆಯ ಮೇಲೆ ಒಂದೇ ಮಾಡೆಲ್ ಹೆಸರು, ಸರ್ವರ್‌ನಲ್ಲಿ ಒಂದೇ ಪ್ರಾಡಕ್ಟ್ ಕ್ಲಾಸ್ (ಮೋಡೆಮ್ ಹೇಳಿಕೊಳ್ಳುವ ಮಾಡೆಲ್ ಗುರುತು). ಆದರೆ ಹಾರ್ಡ್‌ವೇರ್ ವರ್ಷನ್ ನೋಡಿದರೆ ಎರಡು ಬೇರೆ ಬೇರೆ. ಒಳಗಿನ ವೈಫೈ ಚಿಪ್ಪೇ ಬೇರೆ. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಹಾಕಿದರೆ ಒಳ್ಳೆಯ ಮೋಡೆಮ್ ಆದರೆ ಬೇಡ ಅನ್ನುತ್ತೆ, ಅಗ್ಗದ್ದು ತಗೊಂಡು ಸಾಯುತ್ತೆ. ಜೀನಿಎಸಿಎಸ್‌ನಲ್ಲಿ ಫೈಲ್ ಏರಿಸುವಾಗ ಓಯುಐ (ಕಂಪನಿಯ ಗುರುತು ನಂಬರ್), ಪ್ರಾಡಕ್ಟ್ ಕ್ಲಾಸ್, ವರ್ಷನ್ ಅಂತ ಮೂರು ಖಾನೆ ಕೇಳುತ್ತೆ. ಅವನ್ನು ತುಂಬಿದ ಮಾತ್ರಕ್ಕೆ ಕಾವಲು ಆಯ್ತು ಅಂದುಕೊಳ್ಳಬೇಡಿ. ಅವು ಬರೀ ಚೀಟಿ. ಯಾವುದಕ್ಕೆ ಯಾವುದು ಹೋಗಬೇಕು ಅನ್ನುವ ತೀರ್ಮಾನವನ್ನು ನಾವೇ ಸ್ಕ್ರಿಪ್ಟ್‌ನಲ್ಲಿ ಬರೆಯಬೇಕು, ಅದೂ ಹಾರ್ಡ್‌ವೇರ್ ವರ್ಷನ್ ಸೇರಿಸಿ.

ಅದಕ್ಕೆ ಮೊದಲು ಒಂದು ಎಕ್ಸೆಲ್ ಹಾಳೆ ಮಾಡಿದೆ. ಯಾವ ಹಾರ್ಡ್‌ವೇರ್, ಈಗ ಯಾವ ವರ್ಷನ್, ಯಾವ ಫೈಲ್, ಆ ಫೈಲಿನ ಎಸ್‌ಎಚ್‌ಎ-256 (ಫೈಲ್ ಬದಲಾಗಿಲ್ಲ ಅಂತ ತಿಳಿಯುವ ಗುರುತು), ಹಾಕಿದ ಮೇಲೆ ಮೋಡೆಮ್ ತನ್ನ ವರ್ಷನ್ ಏನೆಂದು ಹೇಳುತ್ತೆ. ಈ ಕೊನೆಯ ಕಾಲಂ ತುಂಬಾ ಮುಖ್ಯ. ಟೇಬಲ್ ಮೇಲೆ ಒಂದು ಮೋಡೆಮ್‌ಗೆ ಹೊಸದು ಹಾಕಿ ನೋಡಿದೆವು. ಫೈಲಿನ ಹೆಸರಲ್ಲಿ ಇದ್ದ ವರ್ಷನ್ ಬೇರೆ, ಮೋಡೆಮ್ ಹೇಳಿಕೊಂಡಿದ್ದು ಬೇರೆ, ಹಿಂದೆ ಒಂದು ತಾರೀಕಿನ ಬಾಲ ಸೇರಿತ್ತು. ಸ್ಕ್ರಿಪ್ಟ್ ಫೈಲಿನ ಹೆಸರನ್ನೇ ನಂಬಿದ್ದರೆ ಏನಾಗುತ್ತಿತ್ತು? ಮೋಡೆಮ್ ಹೊಸದು ಹಾಕಿಕೊಂಡು ಎದ್ದು ಬರುತ್ತೆ, ಸರ್ವರ್ ನೋಡಿ "ಇನ್ನೂ ಹಳೇದೇ ಇದೆ" ಅನ್ನುತ್ತೆ, ಮತ್ತೆ ಕಳಿಸುತ್ತೆ. ಮೋಡೆಮ್ ಮತ್ತೆ ರೀಬೂಟ್. ಕೊನೆಯೇ ಇಲ್ಲ, ಫ್ಲ್ಯಾಶ್ ಸವೆಯುವ ತನಕ. ಅದಕ್ಕೇ ಸ್ಕ್ರಿಪ್ಟ್‌ಗೆ ಎರಡು ಬೀಗ ಹಾಕಿದೆ. ಹೋಲಿಸುವುದು ಮೋಡೆಮ್ ಬಾಯಿಂದಲೇ ಬಂದ ವರ್ಷನ್ ಜೊತೆ. ಮತ್ತೆ, ಒಂದು ಸಲ ಕಳಿಸಿದ ಕೂಡಲೇ ಆ ಮೋಡೆಮ್ ಮೇಲೆ ಒಂದು ಟ್ಯಾಗ್ ಬೀಳುತ್ತೆ. ಟ್ಯಾಗ್ ಇದ್ದರೆ ಎರಡನೇ ಸಲ ಕಳಿಸುವುದಿಲ್ಲ, ನಾನು ಕೈಯಲ್ಲಿ ತೆಗೆಯುವ ತನಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಯಾವಾಗ ಹಾಕುವುದು?

ಯಾರನ್ನು ಕೇಳಿದರೂ ರಾತ್ರಿ ಎರಡರಿಂದ ನಾಲ್ಕು ಅನ್ನುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗೆ ಅದು ಸರಿ. ನಮ್ಮಲ್ಲಿ ರಾತ್ರಿ ಎರಡಕ್ಕೆ ಅರ್ಧದಷ್ಟು ಮೋಡೆಮ್ ಆನ್ ಇರುವುದೇ ಇಲ್ಲ! ಜನ ಮಲಗುವಾಗ ಟಿವಿ ಜೊತೆ ಮೋಡೆಮ್ ಸ್ವಿಚ್ಚನ್ನೂ ಆರಿಸಿ ಮಲಗುತ್ತಾರೆ. ಒಂದು ಗುಡುಗು ಕೇಳಿಸಿದರೆ ಪ್ಲಗ್ಗನ್ನೇ ಕಿತ್ತುಬಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಸಿಡಿಲಿಗೆ ಅಡಾಪ್ಟರ್ ಸುಟ್ಟುಕೊಂಡವರೇ ಎಲ್ಲರೂ. (ಕೆಲವರು ಹಸಿರು ತುದಿಯ ಫೈಬರ್ ಪಿನ್ನನ್ನೂ ಕೀಳುತ್ತಾರೆ. ಗಾಜಿನ ಎಳೆಯಲ್ಲಿ ಸಿಡಿಲು ಬರಲ್ಲ ಮಾರಾಯ್ರೇ, ಆ ತುದಿಗೆ ಧೂಳು ಕೂತು ಸಿಗ್ನಲ್ ಮೈನಸ್ 27 ಡಿಬಿಎಂಗಿಂತ ಕೆಳಗೆ ಇಳಿದರೆ ಕೆಂಪು ಲೈಟ್ ಗ್ಯಾರಂಟಿ.)

ಜೀನಿಎಸಿಎಸ್ ಮೋಡೆಮ್‌ನ ಈಗಿನ ಸ್ಥಿತಿಯನ್ನು ಮಾತ್ರ ಇಟ್ಟುಕೊಳ್ಳುತ್ತೆ, ನಿನ್ನೆ-ಮೊನ್ನೆಯ ಲೆಕ್ಕ ಇಡುವುದಿಲ್ಲ. ಆದರೆ ಅದರ ಆಕ್ಸೆಸ್ ಲಾಗ್‌ನಲ್ಲಿ ಪ್ರತಿ ಹಾಜರಿಯೂ ಹೊತ್ತಿನ ಜೊತೆ ಬರೆದಿರುತ್ತೆ. ಅದನ್ನು ತೆಗೆದು ಗಂಟೆ ಪ್ರಕಾರ ಎಣಿಸಿದೆ. ಬೆಳಿಗ್ಗೆ ಆರರಿಂದ ನಿಧಾನಕ್ಕೆ ಏರುತ್ತೆ, ಸಂಜೆ ಏಳರಿಂದ ಒಂಬತ್ತೂವರೆ ತನಕ ತುದಿ ಮುಟ್ಟುತ್ತೆ, ಹತ್ತಕ್ಕೆ ಧಡಕ್ಕನೆ ಇಳಿಯುತ್ತೆ. ಸಂಜೆ ಹಾಕೋಣ ಅಂದರೆ ಅದೇ ಹೊತ್ತಿಗೆ ಎಲ್ಲರೂ ನೋಡುತ್ತಿರುತ್ತಾರೆ. ಮೊಬೈಲಲ್ಲಿ ಆಟ ನಿಂತ ಕೂಡಲೇ ಹುಡುಗರು ಮಾಡುವ ಮೊದಲ ಕೆಲಸ ಮೋಡೆಮ್ ಸ್ವಿಚ್ ಆರಿಸುವುದು. ಫರ್ಮ್‌ವೇರ್ ಬರೆಯುವಾಗ ಯಾವುದು ಆಗಬಾರದೋ ಅದೇ.

ಮೋಡೆಮ್ ಆನ್ ಆದ ಕೂಡಲೇ ಹಾಕುವ ದಾರಿಯೂ ಇದೆ. ಬೂಟ್ ಆದಾಗ ಅದು ಸರ್ವರ್‌ಗೆ ಹೇಳುತ್ತೆ, ಆಗಲೇ ಕಳಿಸಿಬಿಡಬಹುದು. ಸುಲಭ ಅನ್ನಿಸುತ್ತೆ, ಆದರೆ ಇಲ್ಲಿ ಅದೇ ಅತಿ ಕೆಟ್ಟ ಹೊತ್ತು. ಕರೆಂಟ್ ಹೋಗಿ ಬಂತು ಅಂದರೆ ಒಂದೇ ಸಲ ಬಂದು ನಿಲ್ಲುವುದು ಅಪರೂಪ. ಬರುತ್ತೆ, ಐದು ನಿಮಿಷಕ್ಕೆ ಹೋಗುತ್ತೆ, ಮತ್ತೆ ಬರುತ್ತೆ. ಈಗಷ್ಟೇ ಎದ್ದ ಮೋಡೆಮ್ ಇನ್ನು ಹತ್ತು ನಿಮಿಷ ಆನ್ ಇರುತ್ತೆ ಅನ್ನುವ ಭರವಸೆ ಇಲ್ಲ. ಇನ್ವರ್ಟರ್ ಇರುವ ಮನೆಗಳಲ್ಲೂ ಲೈನ್ ಬದಲಾಗುವ ಆ ಕ್ಷಣಕ್ಕೆ ಕೆಲವು ಮೋಡೆಮ್ ರೀಬೂಟ್ ಆಗುತ್ತವೆ.

ಕೊನೆಗೆ ಉಳಿದದ್ದು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು. ಮಕ್ಕಳು ಶಾಲೆಯಲ್ಲಿ, ದೊಡ್ಡವರು ತೋಟದಲ್ಲಿ ಅಥವಾ ಅಡುಗೆಮನೆಯಲ್ಲಿ. ಅಡಿಕೆ ಕೊಯ್ಲಿನ ದಿನಗಳಲ್ಲಂತೂ ಆ ಹೊತ್ತಿಗೆ ಮನೆಯೊಳಗೆ ಫೋನ್ ಹಿಡಿದು ಕೂತವರು ಸಿಗುವುದೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಷರತ್ತು ಹೀಗಿದೆ: ಹೊತ್ತು ಹತ್ತೂವರೆ-ಹನ್ನೆರಡರ ನಡುವೆ ಇರಬೇಕು, ಮೋಡೆಮ್‌ನ ಅಪ್‌ಟೈಮ್ (ಸತತವಾಗಿ ಆನ್ ಇರುವ ಹೊತ್ತು) ಮೂರು ಗಂಟೆ ದಾಟಿರಬೇಕು, ಮತ್ತು 'ಹಗಲು-ಸರಿ' ಅನ್ನುವ ಟ್ಯಾಗ್ ಇರಬೇಕು. ಆ ಟ್ಯಾಗ್ ಕೊಡುವುದು ಆಕ್ಸೆಸ್ ಲಾಗ್ ನೋಡಿದ ಮೇಲೆ. ಹಿಂದಿನ ವಾರದಲ್ಲಿ ಆ ಹೊತ್ತಲ್ಲಿ ತಪ್ಪದೆ ಹಾಜರಿ ಹಾಕಿದ ಮೋಡೆಮ್‌ಗೆ ಮಾತ್ರ. ಮನೆಯಿಂದ ಆಫೀಸ್ ಕೆಲಸ ಮಾಡುವವರ ಪಟ್ಟಿ ಬೇರೆ ಇದೆ, ಅವರಿಗೆ ಫೋನ್ ಮಾಡಿ ಹೊತ್ತು ಕೇಳಿ ಕೈಯಲ್ಲೇ ಹಾಕುತ್ತೇವೆ. ಇಂಥ ಸ್ಕ್ರಿಪ್ಟ್ ಬರೆಯುವಾಗ ಸರ್ವರ್ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆಯಾ ನೋಡಿಕೊಳ್ಳಿ. ಐದೂವರೆ ಗಂಟೆ ತಪ್ಪಿದರೆ ಹತ್ತೂವರೆ ಅಂದುಕೊಂಡದ್ದು ಸಂಜೆ ನಾಲ್ಕು ಆಗಿರುತ್ತೆ.

ಇನ್ನೊಂದು ಕೆಲಸ ಪೇಪರ್ ಓದುವುದು. "ನಾಳೆ ವಿದ್ಯುತ್ ವ್ಯತ್ಯಯ" ಎಂಬ ಪ್ರಕಟಣೆಯಲ್ಲಿ ನಮ್ಮ ಫೀಡರ್ ಹೆಸರಿದ್ದರೆ ಆ ದಿನ ಪ್ರೀಸೆಟ್ (ಸ್ಕ್ರಿಪ್ಟ್ ಓಡಿಸುವ ಜೀನಿಎಸಿಎಸ್ ನಿಯಮ) ಆಫ್. ಇದನ್ನು ಯಾವ ಸಾಫ್ಟ್‌ವೇರೂ ಮಾಡಿಕೊಡಲ್ಲ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ, ಆಮೇಲೆ ಮರ ಬಿದ್ದು ಲೈನ್ ಹರಿಯುವ ಜೂನ್-ಜುಲೈ, ಇವೆರಡರಲ್ಲೂ ಏನೂ ಹಾಕುವುದಿಲ್ಲ.

ನಡುವೆ ಕರೆಂಟ್ ಹೋದರೆ ಮೋಡೆಮ್ ಸಾಯಲೇಬೇಕು ಅಂತಿಲ್ಲ. ಜಿಪಾನ್ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ ಫರ್ಮ್‌ವೇರ್‌ಗೆ ಎರಡು ಜಾಗ ಇರುತ್ತವೆ. ಹೊಸದು ಖಾಲಿ ಜಾಗಕ್ಕೆ ಬರೆಯಲ್ಪಡುತ್ತೆ, ಪೂರ್ತಿ ಆದ ಮೇಲೆ ಮಾತ್ರ ಅದರಿಂದ ಏಳುತ್ತೆ, ಆಗದಿದ್ದರೆ ಹಳೇದು ಹಾಗೇ ಇರುತ್ತೆ. ನಮ್ಮ ಮೂರು ಬ್ರ್ಯಾಂಡ್‌ನಲ್ಲಿ ಎರಡು ಹೀಗೇ ನಡೆದುಕೊಳ್ಳುತ್ತವೆ. ಟೇಬಲ್ ಮೇಲೆ ಬರೆಯುವ ನಡುವೆ ಪ್ಲಗ್ ಕಿತ್ತು ನೋಡಿದ್ದೇವೆ, ಹಳೇದರಲ್ಲೇ ಎದ್ದು ಬಂದವು. ಮೂರನೆಯದು ಏಳಲಿಲ್ಲ. ಅದರ ಮುಚ್ಚಳ ತೆಗೆದು, ಬೋರ್ಡ್ ಮೇಲಿನ ಸೀರಿಯಲ್ ಪಿನ್‌ಗೆ 3.3 ವೋಲ್ಟ್‌ನ ಯುಎಸ್‌ಬಿ-ಟಿಟಿಎಲ್ ಕೇಬಲ್ ಸಿಕ್ಕಿಸಿ, 115200 ವೇಗದಲ್ಲಿ ಬೂಟ್‌ಲೋಡರ್ (ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ) ಹಿಡಿದು, ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆಯಲ್ಲಿ ಫರ್ಮ್‌ವೇರ್ ಕೊಟ್ಟು ಎಬ್ಬಿಸಿದೆವು. 5 ವೋಲ್ಟ್‌ನ ಕೇಬಲ್ ಸಿಕ್ಕಿಸಿದರೆ ಚಿಪ್ ಹೋಗಬಹುದು, ಹುಷಾರು. ಆ ಬ್ರ್ಯಾಂಡ್‌ಗೆ ದೂರದಿಂದ ಹಾಕುವುದನ್ನೇ ಬಿಟ್ಟೆವು. ರಿಪೇರಿಗೆ ಆಫೀಸಿಗೆ ಬಂದಾಗ ಮಾತ್ರ ಹಾಕುತ್ತೇವೆ.

ಹಂಚುವ ಕ್ರಮ ಹೀಗೆ. ಮೊದಲು ಆಫೀಸು ಮತ್ತು ನಮ್ಮ ನಮ್ಮ ಮನೆ. ಅಲ್ಲಿ ಒಂದು ವಾರ ಸುಮ್ನೆ ಬಿಟ್ಟು ನೋಡುವುದು, ಯಾಕೆಂದರೆ ಮೂಲ ರೋಗವೇ ಕೆಲವು ದಿನ ಆದ ಮೇಲೆ ಕಾಣಿಸುವಂಥದ್ದು. ಆಮೇಲೆ ಪೇಟೆಗೆ ಹತ್ತಿರದ ಒಂದು ಪಾನ್ ಪೋರ್ಟ್ (ಓಎಲ್‌ಟಿಯ ಒಂದು ಫೈಬರ್ ಬಾಯಿಗೆ ಸೇರಿದ ಮನೆಗಳು), ಕೆಟ್ಟರೆ ಬೈಕಲ್ಲಿ ಹೋಗಿ ಬರುವಷ್ಟು ದೂರ. ಅದಾದ ಮೇಲೆ ದೂರದ ಹಳ್ಳಿಗಳು, ಒಂದು ದಿನಕ್ಕೆ ಒಂದು ಪೋರ್ಟ್. ಫೈಬರ್‌ಗೆ ಇದೇನೂ ಭಾರ ಅಲ್ಲ, ಜಿಪಾನ್‌ನಲ್ಲಿ ಕೆಳಮುಖವಾಗಿ 2.5 ಗಿಗಾಬಿಟ್ ಇದೆ. ಮಿತಿ ಇರುವುದು ನಮ್ಮ ಜನಬಲಕ್ಕೆ. ಒಂದೇ ದಿನ ನಾಲ್ಕು ಊರಲ್ಲಿ ಕೆಟ್ಟರೆ ಹೋಗುವವರು ಯಾರು?

ತಪ್ಪಾದಾಗ ಮೋಡೆಮ್ ಒಂದು ನಂಬರ್ ಹೇಳುತ್ತೆ, ಜೀನಿಎಸಿಎಸ್‌ನ ಫಾಲ್ಟ್ಸ್ ಪುಟದಲ್ಲಿ ಕಾಣುತ್ತೆ. 9015 ಅಂದರೆ ಫೈಲ್ ಸರ್ವರ್ ಸಿಗಲಿಲ್ಲ. 9016 ಅಂದರೆ ಸರ್ವರ್ ಸಿಕ್ಕಿತು, ಫೈಲ್ ತೆಗೆಯಲು ಆಗಲಿಲ್ಲ. 9017 ಅಂದರೆ ಇಳಿಸಿಕೊಳ್ಳುವುದು ಅರ್ಧಕ್ಕೆ ನಿಂತಿತು. 9018 ಅಂದರೆ ಫೈಲ್ ಬಂತು, ಆದರೆ ಹಾಳಾಗಿದೆ ಅಥವಾ ತನಗೆ ಆಗುವಂಥದ್ದಲ್ಲ. ಒಂದು ಓಎಲ್‌ಟಿಯ ಮೋಡೆಮ್‌ಗಳೆಲ್ಲ 9015 ಅನ್ನುತ್ತಿದ್ದವು, ಹಾಜರಿ ಮಾತ್ರ ಸರಿಯಾಗಿ ಬರುತ್ತಿತ್ತು. ಆ ಓಎಲ್‌ಟಿಯ ಹಿಂದಿನ ಸ್ವಿಚ್‌ನಲ್ಲಿ 7547ಕ್ಕೆ ಮಾತ್ರ ದಾರಿ ತೆರೆದಿತ್ತು, 7567ಕ್ಕೆ ಇರಲಿಲ್ಲ. ನಂಬರ್ ಸಿಕ್ಕಿದರೆ ಹುಡುಕುವುದು ಇಷ್ಟೇ ಸುಲಭ. ತಲೆನೋವು ಕೊಡುವುದು ನಂಬರೇ ಹೇಳದ ಮೋಡೆಮ್. ಫೈಲ್ ತಗೊಳ್ಳುತ್ತೆ, "ಆಯ್ತು" ಅನ್ನುತ್ತೆ, ರೀಬೂಟ್ ಆಗುತ್ತೆ, ಬಂದು ನೋಡಿದರೆ ಹಳೇ ವರ್ಷನ್! ಅದಕ್ಕೇ "ಆಯ್ತು" ಅನ್ನುವುದನ್ನು ನಾವು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಎದ್ದು ಬಂದ ಮೇಲೆ ಹೇಳುವ ವರ್ಷನ್ ಮಾತ್ರ ಲೆಕ್ಕ.

ಅತಿ ಜಾಸ್ತಿ ಫೋನ್ ಬಂದದ್ದು ಕೆಟ್ಟ ಮೋಡೆಮ್‌ಗಳಿಂದ ಅಲ್ಲ, ಸರಿಯಾಗಿ ಅಪ್‌ಡೇಟ್ ಆದವುಗಳಿಂದ. "ಎಂಥ ಮಾರಾಯ್ರೇ, ನಮ್ಮ ವೈಫೈ ಹೆಸರೇ ಕಾಣೋದಿಲ್ಲ." ಒಂದು ಮಾಡೆಲ್ ತುಂಬಾ ಹಳೇ ವರ್ಷನ್‌ನಿಂದ ಹಾರಿದರೆ ಸೆಟ್ಟಿಂಗ್ ಎಲ್ಲ ಅಳಿಸಿ ಫ್ಯಾಕ್ಟರಿ ಸ್ಥಿತಿಗೆ ಹೋಗುತ್ತೆ. ಹಾಗಾದಾಗ ಅದು ಸರ್ವರ್‌ಗೆ ಬೂಟ್‌ಸ್ಟ್ರ್ಯಾಪ್ ಅಂತ ಹೇಳಿಕೊಂಡು ಬರುತ್ತೆ. ಆ ಸುಳಿವು ಹಿಡಿದು ಪಿಪಿಪಿಓಇ (ಇಂಟರ್ನೆಟ್ ಲಾಗಿನ್) ಹೆಸರು-ಪಾಸ್‌ವರ್ಡ್ ವಾಪಸ್ ತುಂಬುವ ಸ್ಕ್ರಿಪ್ಟ್ ಬರೆದೆ. ಅವು ಬಿಲ್ಲಿಂಗ್‌ನಲ್ಲಿ ಇದ್ದೇ ಇವೆ. ವೈಫೈ ಹೆಸರೂ ಮೊದಲೇ ಓದಿ ಇಟ್ಟುಕೊಳ್ಳಬಹುದು. ವೈಫೈ ಪಾಸ್‌ವರ್ಡ್ ಮಾತ್ರ ಓದಲು ಬರುವುದಿಲ್ಲ. ಟಿಆರ್-069ರಲ್ಲಿ ಪಾಸ್‌ವರ್ಡ್ ಕೇಳಿದರೆ ಮೋಡೆಮ್ ಖಾಲಿ ಉತ್ತರ ಕೊಡಬೇಕು ಅಂತಲೇ ನಿಯಮ. ಒಳ್ಳೆಯ ನಿಯಮವೇ, ಆದರೆ ಮನೆಯವರೇ ಇಟ್ಟುಕೊಂಡ ಪಾಸ್‌ವರ್ಡ್ ಅಳಿಸಿದರೆ ನಮ್ಮ ಹತ್ತಿರ ಇರುವುದಿಲ್ಲ. ಈಗ ಆ ಮಾಡೆಲ್‌ನ ಮನೆಗಳಿಗೆ ಹಿಂದಿನ ದಿನವೇ ವಾಟ್ಸಾಪ್ ಮಾಡುತ್ತೇವೆ: ನಾಳೆ ಮಧ್ಯಾಹ್ನದ ಒಳಗೆ ಮೋಡೆಮ್ ಒಮ್ಮೆ ಆಫ್ ಆಗಿ ಬರುತ್ತೆ, ಸ್ವಿಚ್ ಮುಟ್ಟಬೇಡಿ, ವೈಫೈ ಹೆಸರು ಅದೇ ಇರುತ್ತೆ, ಹೊಸ ಪಾಸ್‌ವರ್ಡ್ ನಿಮ್ಮ ರಿಜಿಸ್ಟರ್ ಆದ ಮೊಬೈಲ್‌ಗೆ ಬರುತ್ತೆ. ಇಷ್ಟು ಹೇಳಿದ ಮೇಲೆ ಫೋನ್ ಕಮ್ಮಿಯಾಗಿದೆ.

ದಿನನಿತ್ಯ ನಡೆಸುವುದರಲ್ಲಿ ದೊಡ್ಡ ಕೆಲಸ ಇಲ್ಲ. ಹಾಜರಿಯ ಅಂತರ ಮೊದಲಿಗೆ ಐದು ನಿಮಿಷ ಇರುತ್ತೆ, ನಾವು ಹದಿನೈದು ಮಾಡಿದ್ದೇವೆ. ಮಾಂಗೋಡಿಬಿಯ ಬ್ಯಾಕಪ್ ದಿನಾ ರಾತ್ರಿ ಬೇರೆ ಡಿಸ್ಕ್‌ಗೆ ಹೋಗುತ್ತೆ. ಫಾಲ್ಟ್ಸ್ ಪುಟವನ್ನು ಬೆಳಿಗ್ಗೆ ಒಂದು ಸಲ ನೋಡಿ ಹಳೇದನ್ನು ಅಳಿಸಬೇಕು. ಫಾಲ್ಟ್ ಕೂತಿದ್ದರೆ ಮರುಪ್ರಯತ್ನದ ಹೊತ್ತು ಬರುವ ತನಕ ಆ ಮೋಡೆಮ್‌ನ ಆ ಚಾನೆಲ್‌ನ (ಕೆಲಸಗಳ ಸಾಲು) ಮುಂದಿನ ಕೆಲಸ ನಡೆಯುವುದಿಲ್ಲ, ಪ್ರತಿ ಸಲ ಸೋತಾಗ ಆ ಹೊತ್ತೂ ಉದ್ದ ಆಗುತ್ತಾ ಹೋಗುತ್ತೆ. ಹೊಸ ಮೋಡೆಮ್ ತರುವಾಗ ಅಂಗಡಿಯಲ್ಲೇ ಹಾರ್ಡ್‌ವೇರ್ ವರ್ಷನ್ ಚೀಟಿ ನೋಡುವುದನ್ನು ಹುಡುಗರು ರೂಢಿ ಮಾಡಿಕೊಂಡಿದ್ದಾರೆ. ಮನೆಗೆ ಹೋಗುವ ಮೊದಲು ಆಫೀಸಿನ ಟೇಬಲ್ ಮೇಲೆ ಒಂದು ಸಲ ಆನ್ ಮಾಡಿದರೆ ಸಾಕು, ಸರಿಯಾದ ಫರ್ಮ್‌ವೇರ್ ತಾನೇ ಬಂದು ಕೂರುತ್ತೆ.

'ಹಗಲು-ಸರಿ' ಟ್ಯಾಗ್ ಸಿಗದೆ ಉಳಿದ ಒಂದಷ್ಟು ಮನೆಗಳಿವೆ. ಸಂಜೆ ಏಳಕ್ಕೆ ಹಚ್ಚಿ ಒಂಬತ್ತಕ್ಕೆ ಆರಿಸುವವರು. ಅವರಿಗೆ ಹುಡುಗರು ಬಿಲ್ ವಸೂಲಿಗೆ ಹೋದಾಗ ಅಲ್ಲೇ ನಿಂತು ನನಗೆ ಫೋನ್ ಮಾಡುತ್ತಾರೆ, "ಅಣ್ಣಾ, ಈಗ ಕಳ್ಸಿ." ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊಸ ವರ್ಷನ್ ಹಾಜರಿ ಬಂದಿರುತ್ತೆ.